ಓಡುತ್ತ ಜಗತ್ತು ಸುತ್ತಲು ಹುಬ್ಬಳ್ಳಿಯಿಂದ ಹೊರಡುವವರಿಗೆ: ಪಾಸ್‌ಪೋರ್ಟ್‌ನಿಂದ ಪಂಕ್ಚರ್‌ವರೆಗೆ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಓಟಗಾರರು ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಾರೆ: ಮ್ಯಾರಥಾನ್‌ಗಳಾದವು, ಇನ್ನು ಓಡಿಕೊಂಡೇ ಜಗತ್ತು ಸುತ್ತಬೇಕೆಂದರೆ ಎಲ್ಲಿಂದ ಶುರು ಮಾಡಬೇಕು? ಇದರ ಬೆನ್ನಿಗೇ ಬರುವ ಪ್ರಶ್ನೆ, ಯಾವ ಶೂ ಕೊಳ್ಳಬೇಕು ಎಂದು. ಶೂ ವಿಚಾರ ಬಹಳ ಕೆಳಗಿದೆ, ಅಲ್ಲಿಯವರೆಗೆ ತಾಳಿಕೊಳ್ಳಿ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಓಡುವವರ ಮಟ್ಟಿಗೆ, ಯಾವ ದಿಕ್ಕಿಗೆ ಹೊರಡಬೇಕು, ಯಾವ ತಿಂಗಳು ಮನೆ ಬಿಡಬೇಕು, ದಿನಕ್ಕೆ ಎಷ್ಟು ಓಡಬೇಕು ಎಂಬ ಮೂರನ್ನೂ ತೀರ್ಮಾನಿಸುವುದು ವೀಸಾದ ದಿನಗಳು. ಕಾಲಿನ ಕಸುವು ಆಮೇಲಿನ ಮಾತು. ಅದಕ್ಕೇ ಈ ಲೇಖನದಲ್ಲಿ ಓಟಕ್ಕಿಂತ ಕಾಗದಪತ್ರ ಮತ್ತು ತಳ್ಳುಗಾಡಿಯ ಮಾತು ಹೆಚ್ಚು.

1. ಏನನ್ನು ಓಡುತ್ತೀರಿ ಎಂದು ಬರೆದಿಡಿ

ಭೂಮಧ್ಯರೇಖೆಯ ಸುತ್ತಳತೆ 40,075 ಕಿ.ಮೀ. ಅದರಲ್ಲಿ ಬಹುಪಾಲು ಸಮುದ್ರ. ಹಾಗಾಗಿ ಓಟಗಾರರು ಬೇರೊಂದು ಅಳತೆ ಇಟ್ಟುಕೊಂಡಿದ್ದಾರೆ. ವರ್ಲ್ಡ್ ರನ್ನರ್ಸ್ ಅಸೋಸಿಯೇಷನ್ ಎಂಬ ಸಂಸ್ಥೆ ಕನಿಷ್ಠ 26,232 ಕಿ.ಮೀ. ಓಡಿರಬೇಕು, ನಾಲ್ಕು ಖಂಡಗಳನ್ನು ಒಂದು ಕರಾವಳಿಯಿಂದ ಇನ್ನೊಂದು ಕರಾವಳಿಗೆ ದಾಟಿರಬೇಕು, ಹೊರಟಲ್ಲಿಗೇ ಬಂದು ಮುಟ್ಟಬೇಕು ಎನ್ನುತ್ತದೆ. ಡೆನ್ಮಾರ್ಕಿನ ಯೆಸ್ಪರ್ ಓಲ್ಸೆನ್ 2004-05ರಲ್ಲಿ ಓಡಿದ ದೂರ ಅದು. ಆಸ್ಟ್ರೇಲಿಯಾದ ಟಾಮ್ ಡೆನಿಸ್ 2011ರ ಕೊನೆಯ ದಿನ ಹೊರಟು 622 ದಿನಗಳಲ್ಲಿ ಅಷ್ಟನ್ನು ಮುಗಿಸಿದರು. ವಿಶ್ರಾಂತಿ, ವಿಮಾನ ಎಲ್ಲ ಸೇರಿಸಿ ದಿನಕ್ಕೆ 42 ಕಿ.ಮೀ. ಬಿತ್ತು.

ದಾಖಲೆ ಬೇಡ, ಸುತ್ತಿ ಬಂದರೆ ಸಾಕು ಎನ್ನುವವರೂ ಇದ್ದಾರೆ. ಬ್ರಿಟನ್ನಿನ ರೋಸಿ ಸ್ವೇಲ್ ಪೋಪ್ 2003ರಲ್ಲಿ ವೇಲ್ಸ್‌ನಿಂದ ಹೊರಟು, ತಾವೇ ಎಳೆದೊಯ್ದ ಗಾಡಿಯಲ್ಲೇ ಮಲಗುತ್ತ, 2008ರಲ್ಲಿ ಮನೆ ಸೇರಿದರು. ನಿಮ್ಮದು ಯಾವ ಬಗೆಯದು ಎಂಬುದನ್ನು ಈಗಲೇ ನಿರ್ಧರಿಸಿ. ದಾಖಲೆಗೆ ಓಡುವವರು ಸಂಸ್ಥೆಯ ಪೂರ್ತಿ ನಿಯಮಾವಳಿ ತರಿಸಿಕೊಂಡು, ನಿಮ್ಮ ದಾರಿ ಅದಕ್ಕೆ ಹೊಂದುತ್ತದೆ ಎಂದು ಲಿಖಿತ ಉತ್ತರ ಪಡೆದ ಮೇಲೆಯೇ ಟಿಕೆಟ್ ಕಾಯ್ದಿರಿಸಬೇಕು.

2. ದಿಕ್ಕು, ತಿಂಗಳು, ವೀಸಾ

ಹುಬ್ಬಳ್ಳಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರವಿದೆ. ಅರ್ಜಿ ಹಾಕುವಾಗ 36 ಪುಟದ್ದು ಬಿಟ್ಟು 60 ಪುಟದ್ದನ್ನು ಕೇಳಿ. ಅವಧಿ ಕನಿಷ್ಠ ಮೂರೂವರೆ ವರ್ಷ ಉಳಿದಿರಲಿ. ಅನೇಕ ದೇಶಗಳು ಒಳಗೆ ಬಿಡುವ ದಿನಕ್ಕೆ ಆರು ತಿಂಗಳ ಅವಧಿ ಬಾಕಿ ಇರಬೇಕೆಂದು ಕೇಳುತ್ತವೆ.

ಗಡಿ ದಾಟಿ ನೆಲದ ಮೇಲೇ ಯುರೋಪ್ ಸೇರುವ ಕನಸನ್ನು ಬದಿಗಿಡಿ. ಪಾಕಿಸ್ತಾನಕ್ಕೆ ದಾಟುವ ಅಟ್ಟಾರಿ ಗಡಿಯನ್ನು 2025ರ ಏಪ್ರಿಲ್‌ನಲ್ಲಿ ಮುಚ್ಚಲಾಯಿತು. ಭಾರತದೊಳಗಿನ ಭಾಗ ಮುಗಿಸಿ ವಿಮಾನ ಹತ್ತುವುದೇ ಸದ್ಯದ ದಾರಿ.

ಇನ್ನು ದಿಕ್ಕು. ಗಾಳಿಯನ್ನು ಕೇಳಿದರೆ ಪೂರ್ವಕ್ಕೆ ಓಡಬೇಕು. ಅಮೆರಿಕದಲ್ಲೂ ಆಸ್ಟ್ರೇಲಿಯಾದ ದಕ್ಷಿಣ ಅಂಚಿನಲ್ಲೂ ಚಳಿಗಾಲದ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುತ್ತದೆ. ಆದರೆ ಪೂರ್ವಕ್ಕೆ ಹೊರಟವರಿಗೆ ಯುರೋಪ್ ಸಿಗುವುದು ಒಂದೂವರೆ ವರ್ಷದ ನಂತರ, ಮತ್ತು ಶೆಂಗೆನ್ ವೀಸಾಕ್ಕೆ ಪ್ರಯಾಣದ ದಿನಕ್ಕಿಂತ ಆರು ತಿಂಗಳಿಗೂ ಮೊದಲೇ ಅರ್ಜಿ ಹಾಕಲಾಗುವುದಿಲ್ಲ. ಶೆಂಗೆನ್ ಎಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ 29 ದೇಶಗಳ ಕೂಟ. ಅರ್ಜಿಯನ್ನು ನೀವು ವಾಸವಿರುವ ದೇಶದಲ್ಲೇ ಸಲ್ಲಿಸಬೇಕು. ಅಂದರೆ ನಡುದಾರಿಯಿಂದ ಭಾರತಕ್ಕೆ ವಾಪಸ್ ಬರಬೇಕಾಗುತ್ತದೆ. ಎದುರುಗಾಳಿಯನ್ನು ಸಹಿಸಬಹುದು, ಆ ವಿಮಾನದ ಖರ್ಚನ್ನಲ್ಲ. ಪಶ್ಚಿಮಕ್ಕೇ ಹೊರಡಿ.

ಒಂದು ಮಾದರಿ ಲೆಕ್ಕ ಇಲ್ಲಿದೆ. ಸಂಕ್ರಾಂತಿ ಮುಗಿಸಿ ಜನವರಿ ಮಧ್ಯದಲ್ಲಿ ಹುಬ್ಬಳ್ಳಿ ಬಿಡಿ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಬೆಳಗಾವಿ, ಪುಣೆ, ಮುಂಬೈ, ಜೈಪುರ ದಾಟಿ ದಿಲ್ಲಿಗೆ ಸುಮಾರು 1,950 ಕಿ.ಮೀ. ದಿನಕ್ಕೆ 40ರಂತೆ, ವಾರಕ್ಕೊಂದು ದಿನ ಬಿಡುವು ಇಟ್ಟರೂ ಮಾರ್ಚ್ ಮಧ್ಯಕ್ಕೆ ಮುಟ್ಟುತ್ತೀರಿ. ನವೆಂಬರ್‌ನಲ್ಲೇ ಹೊರಟರೆ ಜನವರಿಯ ಮಂಜಿನಲ್ಲಿ ದಿಲ್ಲಿ ಹೆದ್ದಾರಿ ಮೇಲಿರುತ್ತೀರಿ, ಲಾರಿಯವರಿಗೆ ನೀವು ಕಾಣುವುದಿಲ್ಲ. ಪುಣೆ-ಮುಂಬೈ ನಡುವೆ ಎಕ್ಸ್‌ಪ್ರೆಸ್‌ವೇಗೆ ಕಾಲಿಡಬೇಡಿ, ಪಾದಚಾರಿಗಳಿಗೆ ಅಲ್ಲಿ ನಿಷೇಧ. ಖಂಡಾಲಾದ ಹಳೆಯ ರಸ್ತೆಯೇ ನಿಮ್ಮದು.

ಮಾರ್ಚ್ ಕೊನೆಗೆ ಯುರೋಪ್. ಶೆಂಗೆನ್‌ನಲ್ಲಿ ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನ ಮಾತ್ರ ಇರಬಹುದು. ಎಲ್ಲರೂ ಎಡವುವುದು ಇಲ್ಲೇ. ನಕ್ಷೆ ಬಿಡಿಸಿದ ತಕ್ಷಣ ಕಪ್ಪು ಸಮುದ್ರದಿಂದ ಲಿಸ್ಬನ್‌ಗೆ ಗೆರೆ ಎಳೆಯುತ್ತಾರೆ. ಅದು 4,000 ಕಿ.ಮೀ. ಮೀರುತ್ತದೆ, 90 ದಿನದಲ್ಲಿ ಒಂದು ದಿನವೂ ನಿಲ್ಲದೆ ಓಡಿದರೂ 40ರ ಲೆಕ್ಕದಲ್ಲಿ 3,600 ಅಷ್ಟೇ. ಬದಲಿಗೆ ಬಲ್ಗೇರಿಯಾದ ಬುರ್ಗಾಸ್‌ನಿಂದ ಹೊರಟು ಸೆರ್ಬಿಯಾ, ಕ್ರೊಯೇಷಿಯಾ, ಸ್ಲೊವೇನಿಯಾ, ಉತ್ತರ ಇಟಲಿ ಹಾದು ಫ್ರಾನ್ಸಿನ ಬೋರ್ಡೋ ಬಳಿ ಅಟ್ಲಾಂಟಿಕ್ ಮುಟ್ಟಿದರೆ ಸುಮಾರು 3,000. ಸೆರ್ಬಿಯಾ ಶೆಂಗೆನ್ ಕೂಟದಲ್ಲಿಲ್ಲ, ಆದರೆ ಚಾಲ್ತಿಯಲ್ಲಿರುವ ಶೆಂಗೆನ್ ವೀಸಾ ಇದ್ದವರನ್ನು ಬೇರೆ ವೀಸಾ ಕೇಳದೆ ಬಿಟ್ಟುಕೊಳ್ಳುತ್ತದೆ. ಅಲ್ಲಿ ಓಡುವ ಎಂಟ್ಹತ್ತು ದಿನ ನಿಮ್ಮ 90ರಲ್ಲಿ ಉಳಿಯುತ್ತವೆ.

ಇದು ಫಲಿಸಬೇಕಾದರೆ ವೀಸಾ ಮಲ್ಟಿಪಲ್ ಎಂಟ್ರಿಯದ್ದಾಗಿರಬೇಕು, ಅಂದರೆ ಹೊರಗೆ ಹೋಗಿ ಮತ್ತೆ ಒಳಬರುವಂಥದ್ದು. ಸಿಂಗಲ್ ಎಂಟ್ರಿ ಕೊಟ್ಟಿದ್ದರೆ ಸೆರ್ಬಿಯಾಕ್ಕೆ ಕಾಲಿಟ್ಟ ಕ್ಷಣ ಅದು ಮುಗಿಯಿತು. ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆಯಿರಿ, ಮತ್ತು ಯಾವ ದೇಶದಲ್ಲಿ ಹೆಚ್ಚು ದಿನ ಇರುತ್ತೀರೋ ಆ ದೇಶಕ್ಕೇ ಸಲ್ಲಿಸಿ. ನಿಮ್ಮ ದಾರಿಯಲ್ಲಿ ಅದು ಇಟಲಿಯೋ ಫ್ರಾನ್ಸೋ ಎಂದು ದಿನ ಎಣಿಸಿ ನೋಡಿ. ವೀಸಾ ಕೈಗೆ ಬಂದ ಮೇಲೆ ಅದರಲ್ಲಿ ಮುದ್ರಿಸಿರುವ ದಿನಗಳ ಸಂಖ್ಯೆ ಓದಿ. 90 ಕೇಳಿದವರಿಗೆ ಕಡಿಮೆ ಕೊಡುವುದೂ ಉಂಟು.

ಜೂನ್ ಕೊನೆಗೆ ಅಮೆರಿಕದ ಪೂರ್ವ ತೀರ. ಇದು ಸಲೀಸಾದ ಖಂಡ: ಪ್ರವಾಸಿ ವೀಸಾದವರಿಗೆ ಸಾಮಾನ್ಯವಾಗಿ ಒಮ್ಮೆಗೆ ಆರು ತಿಂಗಳವರೆಗೆ ಇರಲು ಬಿಡುತ್ತಾರೆ, ಅಡ್ಡ ದಾಟಲು ಬೇಕಾದದ್ದು 5,000 ಕಿ.ಮೀ. ಒಳಗೆ. ಬೇಸಿಗೆಯಲ್ಲಿ ಪೂರ್ವದ ಹಸಿರು ರಾಜ್ಯಗಳು, ಮರುಭೂಮಿಗೆ ಬರುವ ಹೊತ್ತಿಗೆ ಅಕ್ಟೋಬರ್. ವೀಸಾ ಸಂದರ್ಶನಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗುವುದರಿಂದ ಎಲ್ಲ ವೀಸಾಗಳಿಗಿಂತ ಮೊದಲು ಇದರ ಅರ್ಜಿ ಹಾಕಿ. ಈ ವೀಸಾ ಇದ್ದರೆ ಮೆಕ್ಸಿಕೊ ಪ್ರವೇಶಕ್ಕೆ ಬೇರೆ ವೀಸಾ ಬೇಡ.

ನವೆಂಬರ್‌ನಿಂದ ಮಾರ್ಚ್‌ವರೆಗೆ ಲ್ಯಾಟಿನ್ ಅಮೆರಿಕ. ಏಪ್ರಿಲ್‌ನಲ್ಲಿ ಸಿಡ್ನಿ, ಅಲ್ಲಿಂದ ಪರ್ತ್‌ಗೆ ಸುಮಾರು 4,000. ನಡುವಿನ ನಲಾರ್ಬರ್ ಬಯಲನ್ನು ಜೂನ್-ಜುಲೈನಲ್ಲೇ ದಾಟಬೇಕು, ಅದು ಅಲ್ಲಿನ ಚಳಿಗಾಲ. ಜನವರಿಯಲ್ಲಿ ಅಲ್ಲಿ 45 ಡಿಗ್ರಿ ದಾಟುವ ದಿನಗಳಿರುತ್ತವೆ. ಆಸ್ಟ್ರೇಲಿಯಾದ ಪ್ರವಾಸಿ ವೀಸಾ ಕೇಳುವಾಗ ಮೂರು ತಿಂಗಳಿಗೆ ಒಪ್ಪಬೇಡಿ, ಆರು ತಿಂಗಳು ಬೇಕೆಂದು ಕಾರಣ ಸಮೇತ ಬರೆಯಿರಿ. ಮೂರು ತಿಂಗಳ ಲೆಕ್ಕ ಇಲ್ಲೂ 3,600ಕ್ಕೇ ನಿಲ್ಲುತ್ತದೆ. ಆಮೇಲೆ ಸಿಂಗಪುರದಿಂದ ಮಲೇಷ್ಯಾ ಮೂಲಕ ಬ್ಯಾಂಕಾಕ್, ಕೊನೆಗೆ ಕೋಲ್ಕತ್ತಾ. ಅಲ್ಲಿಂದ ಹೆದ್ದಾರಿ 16ರಲ್ಲಿ ನೆಲ್ಲೂರು, 67ರಲ್ಲಿ ಬಳ್ಳಾರಿ, ಗದಗ, ಹುಬ್ಬಳ್ಳಿ: ಸುಮಾರು 2,100 ಕಿ.ಮೀ.

ಕೂಡಿ ನೋಡಿದರೆ ಲ್ಯಾಟಿನ್ ಅಮೆರಿಕ ಬಿಟ್ಟು 18,000 ಆಯಿತು. 26,232 ಬೇಕೆಂದರೆ ಉಳಿದ ಎಂಟು ಸಾವಿರವನ್ನು ಆ ಐದು ತಿಂಗಳಿಗೇ ತುರುಕಲಾಗದು. ಅಮೆರಿಕವನ್ನು ಓರೆಯಾಗಿ ದಾಟಿ ಸಾವಿರ ಹೆಚ್ಚಿಸಿಕೊಳ್ಳಿ, ಸಿಡ್ನಿಗೆ ಮೊದಲು ನ್ಯೂಜಿಲೆಂಡ್ ಸೇರಿಸಿ, ಲ್ಯಾಟಿನ್ ಅಮೆರಿಕದಲ್ಲಿ ದಿನಕ್ಕೆ 45 ಓಡಿ. ಭಾರತದ ಎರಡು ತುಂಡುಗಳಲ್ಲಿ ವೀಸಾ ಗಡಿಯಾರ ಇಲ್ಲ, ಕೊರತೆಯನ್ನು ಅಲ್ಲಿ ತುಂಬಿಸುವುದು ಎಲ್ಲಕ್ಕಿಂತ ಅಗ್ಗ. ವೀಸಾ ನಿಯಮಗಳು ಬದಲಾಗುತ್ತಲೇ ಇರುತ್ತವೆ, ಪ್ರತಿ ದೇಶದ ರಾಯಭಾರ ಕಚೇರಿಯ ಸೂಚನೆಯನ್ನು ಹೊರಡುವ ಮುನ್ನ ಮತ್ತೊಮ್ಮೆ ಓದಿ. ಪ್ರವಾಸಿ ವೀಸಾದಲ್ಲಿ ಹಣ ಪಡೆದು ಭಾಷಣ, ಪ್ರಚಾರ ಮಾಡಬೇಡಿ. ಅದು ದುಡಿಮೆ ಎನಿಸುತ್ತದೆ.

3. ಗಾಡಿ

ಬೆನ್ನಚೀಲ ಹೊತ್ತು ಇಷ್ಟು ದೂರ ಓಡಿದರೆ ಮೊಣಕಾಲು ಉಳಿಯುವುದಿಲ್ಲ. ಮಗುವನ್ನು ಕೂರಿಸಿಕೊಂಡು ಓಡಲೆಂದು ಮಾಡಿದ ಮೂರು ಗಾಲಿಯ ತಳ್ಳುಗಾಡಿ, ಅಂದರೆ ಜಾಗಿಂಗ್ ಸ್ಟ್ರಾಲರ್, ಒಳ್ಳೆಯ ಆಯ್ಕೆ. ಸೊಂಟಕ್ಕೆ ಬಿಗಿದು ಎಳೆಯುವ ಎರಡು ಗಾಲಿಯದೂ ಇದೆ. ಅದರಲ್ಲಿ ಕೈ ಬಿಡುವಾಗಿರುತ್ತದೆ, ಆದರೆ ಇಳಿಜಾರಿನಲ್ಲಿ ಹಿಂದಿನಿಂದ ದಬ್ಬುತ್ತದೆ, ಊರೊಳಗೆ ಅದರ ಬಾಲ ಎಲ್ಲಿದೆ ಎಂದು ಕಾಣುವುದಿಲ್ಲ. ಡಾಂಬರು ರಸ್ತೆಗೆ ತಳ್ಳುವುದೇ ಸರಿ.

ಕೊಳ್ಳುವಾಗ ನೋಡಬೇಕಾದದ್ದು:

ಮುಂಗಾಲಿ ತಿರುಗದಂತೆ ಲಾಕ್ ಆಗಬೇಕು. ತಿರುಗುವ ಮುಂಗಾಲಿ ವೇಗದಲ್ಲಿ ಅಲುಗಾಡಿ ಗಾಡಿ ಮಗುಚುತ್ತದೆ.

ಗಾಲಿಯ ಅಳತೆ ಜಗತ್ತಿನ ಎಲ್ಲ ಸೈಕಲ್ ಅಂಗಡಿಗಳಲ್ಲೂ ಸಿಗುವಂಥದ್ದಾಗಿರಲಿ. ಟೈರಿನ ಪಕ್ಕದಲ್ಲಿ ಒತ್ತಿರುವ ಸಂಖ್ಯೆ ಓದಿ: ಹಿಂಗಾಲಿಗೆ 20 ಇಂಚಿನ 406, ಮುಂಗಾಲಿಗೆ 16 ಇಂಚಿನ 305. 20 ಇಂಚು ಎಂದೇ ಬರೆದ 451 ಬೇರೆ ಅಳತೆ. ಅದರ ಟೈರು 406ರ ರಿಮ್ಮಿಗೆ ಕೂರುವುದಿಲ್ಲ. ಟ್ಯೂಬಿನ ವಾಲ್ವ್ ನಮ್ಮ ಸೈಕಲ್ಲಿನ ವಾಲ್‌ಟ್ಯೂಬ್ ಬಗೆಯದ್ದು ಬೇಡ. ಬೈಕು, ಕಾರಿಗಿರುವ ಶ್ರೇಡರ್ ವಾಲ್ವ್ ಇದ್ದರೆ ಯಾವ ಪೆಟ್ರೋಲ್ ಬಂಕಿನಲ್ಲಾದರೂ ಗಾಳಿ ತುಂಬಬಹುದು.

ಕೈ ಬ್ರೇಕ್ ಮತ್ತು ಮಣಿಕಟ್ಟಿಗೆ ಕಟ್ಟುವ ಪಟ್ಟಿ ಎರಡೂ ಇರಲೇಬೇಕು. 35 ಕೆ.ಜಿ. ಗಾಡಿ ಘಟ್ಟದಲ್ಲಿ ಕೈತಪ್ಪಿದರೆ ನಿಮ್ಮ ಮನೆ, ನೀರು, ಪಾಸ್‌ಪೋರ್ಟ್ ಎಲ್ಲ ಕಣಿವೆಗೆ. ಪಾಸ್‌ಪೋರ್ಟನ್ನಂತೂ ಮೈಮೇಲೆಯೇ ಇಟ್ಟುಕೊಳ್ಳಿ.

ಹಿಡಿಕೆ ಮೊಣಕೈ ಮಟ್ಟಕ್ಕಿಂತ ಸ್ವಲ್ಪ ಕೆಳಗಿರಲಿ. ಭಾರ ಹಿಂದಿನ ಅಚ್ಚಿನ ಮೇಲೆ, ಕೂದಲೆಳೆಯಷ್ಟು ಮುಂದಕ್ಕೆ ಬೀಳಬೇಕು. ನೀರಿನ ಕ್ಯಾನು ತಳದಲ್ಲಿ, ಮಲಗುವ ಚೀಲ ಮೇಲೆ. ಸಮತಟ್ಟು ನೆಲದಲ್ಲಿ ಹತ್ತು ಮೀಟರ್ ಬಿಟ್ಟು ನೋಡಿ. ಒಂದು ಬದಿಗೆ ಎಳೆದರೆ ಮುಂಗಾಲಿಯ ಅಚ್ಚು ಓರೆಯಾಗಿದೆ. ಇದನ್ನು ಸರಿಪಡಿಸದೆ ಓಡಿದರೆ ದಿನವಿಡೀ ಒಂದೇ ಕೈಯಿಂದ ತಿದ್ದುತ್ತಿರಬೇಕು, ವಾರದೊಳಗೆ ಭುಜ ಹಿಡಿಯುತ್ತದೆ.

ಪಂಕ್ಚರ್‌ಗೆ ತಯಾರಿ ಇಲ್ಲೇ ಆಗುತ್ತದೆ. ಬಳ್ಳಾರಿ ಜಾಲಿಯ ಮುಳ್ಳು ಬಿದ್ದಿರುವ ರಸ್ತೆಯ ಅಂಚು, ನೆಗ್ಗಿನ ಮುಳ್ಳಿನ ಹೊಲದ ಬದು ನಮಗೆ ಹೊಸದಲ್ಲ. ಅದೇ ನೆಗ್ಗಿನ ಗಿಡ ಅಮೆರಿಕದ ಪಶ್ಚಿಮ ರಾಜ್ಯಗಳಲ್ಲೂ ಹಬ್ಬಿ ಸೈಕಲ್ಲಿನವರನ್ನು ಕಾಡುತ್ತಿದೆ. ಟೈರಿನೊಳಗೆ ಮುಳ್ಳು ತಡೆಯುವ ಪಟ್ಟಿ, ಟ್ಯೂಬಿನೊಳಗೆ ತೂತು ಮುಚ್ಚುವ ಸೀಲಂಟ್ ದ್ರವ, ಎರಡೂ ಹಾಕಿ. ಬಿಡಿಭಾಗ: ಟ್ಯೂಬು ಪ್ರತಿ ಅಳತೆಗೆ ಎರಡು, ಮಡಚುವ ಟೈರು ಒಂದು, ಪ್ಯಾಚು-ಸಲ್ಯೂಷನ್, ಆರು ಕಡ್ಡಿ ಮತ್ತು ಕಡ್ಡಿ ಬಿಗಿಯುವ ಕೀಲಿ, ಬೇರಿಂಗ್ ಒಂದು ಜೊತೆ, 4, 5, 6 ಮಿ.ಮೀ. ಅಲೆನ್ ಕೀ, ಕೈಪಂಪು.

ವಿಮಾನಕ್ಕೆ ಗಾಲಿ ಬಿಚ್ಚಿ ಪೆಟ್ಟಿಗೆಗೆ ಹಾಕಿ. ಉದ್ದ, ಅಗಲ, ಎತ್ತರ ಕೂಡಿ 158 ಸೆಂ.ಮೀ., ತೂಕ 23 ಕೆ.ಜಿ. ದಾಟಿದರೆ ಬಹುತೇಕ ಕಂಪನಿಗಳು ಹೆಚ್ಚುವರಿ ದರ ಹಾಕುತ್ತವೆ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, 100 ವ್ಯಾಟ್-ಅವರ್ ಒಳಗೆ. ಒಲೆಯ ಗ್ಯಾಸ್ ಡಬ್ಬಿ ಒಯ್ಯುವಂತಿಲ್ಲ. ನ್ಯೂಜಿಲೆಂಡ್, ಆಸ್ಟ್ರೇಲಿಯಾಕ್ಕೆ ಇಳಿಯುವ ಮೊದಲು ಗಾಲಿ, ಶೂ ತಳ, ಟೆಂಟಿನ ಮೊಳೆಗಳನ್ನು ಬ್ರಷ್ ಹಾಕಿ ತೊಳೆಯಿರಿ. ಅಲ್ಲಿ ಮಣ್ಣು, ಬೀಜ ಒಳಗೆ ಬಿಡುವುದಿಲ್ಲ. ಅಣ್ಣಿಗೇರಿ ಕಡೆಯ ಎರಿ ಮಣ್ಣು ಕಡ್ಡಿಗಳ ಬುಡದಲ್ಲಿ ಒಣಗಿ ಕೂತರೆ ಕಣ್ಣಿಗೆ ಬೀಳುವುದಿಲ್ಲ, ಆದರೆ ತಪಾಸಣೆಯವರ ಕಣ್ಣಿಗೆ ಬೀಳುತ್ತದೆ. ಘೋಷಿಸದೆ ತಿನಿಸು ಒಯ್ದರೆ ನ್ಯೂಜಿಲೆಂಡ್‌ನಲ್ಲಿ ಸ್ಥಳದಲ್ಲೇ 400 ಡಾಲರ್ ದಂಡ. ಮನೆಯ ಶೇಂಗಾ ಚಟ್ನಿಪುಡಿಯನ್ನೂ ಬರೆದು ತೋರಿಸಿ.

4. ದೇಹ, ಮತ್ತು ಮೂರು ಪರೀಕ್ಷೆ

ವಾರಕ್ಕೆ 80 ಕಿ.ಮೀ. ಒಂದು ವರ್ಷ ತಪ್ಪದೆ ಓಡದವರು ಇನ್ನೂ ಈ ಹಂತಕ್ಕೆ ಬರಬೇಡಿ. ಜಗತ್ತು ಸುತ್ತುವ ಓಟದ ವೇಗ ಗಂಟೆಗೆ 7-8 ಕಿ.ಮೀ. ಮಾತ್ರ. 25 ನಿಮಿಷ ಓಟ, 5 ನಿಮಿಷ ನಡಿಗೆ. ಮ್ಯಾರಥಾನ್‌ನಲ್ಲಿ ವೇಗವಿರುವವರಿಗೆ ಈ ನಿಧಾನವೇ ಕಷ್ಟ. ಮೊದಲ ವಾರ ಹುಮ್ಮಸ್ಸಿನಲ್ಲಿ ಓಡಿ ಹಿಮ್ಮಡಿ ನರ ಊದಿಸಿಕೊಳ್ಳುವವರು ಅವರೇ.

ಮೊದಲ ಪರೀಕ್ಷೆ: ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗಿ ಬರುವುದು, ಸುಮಾರು 40 ಕಿ.ಮೀ., ಸತತ ಐದು ದಿನ, ಗಾಡಿಯಲ್ಲಿ 15 ಕೆ.ಜಿ. ಬಿಆರ್‌ಟಿಎಸ್ ಬಸ್ಸಿನ ಪಥಕ್ಕೆ ಇಳಿಯಬೇಡಿ. ಹಾಸಿಗೆ ಬಿಟ್ಟೇಳುವ ಮೊದಲು ನಾಡಿ ಎಣಿಸಿ. ಮಾಮೂಲಿಗಿಂತ ನಿಮಿಷಕ್ಕೆ ಎಂಟ್ಹತ್ತು ಹೆಚ್ಚಿದ್ದರೆ ಅಂದು ಅರ್ಧ ಓಡಿ.

ಎರಡನೆಯದು ಕಪ್ಪತಗುಡ್ಡದ ಸುತ್ತ: ಗದಗ, ಡಂಬಳ, ಮುಂಡರಗಿ, ಶಿರಹಟ್ಟಿ. ಜುಲೈನಲ್ಲೇ ಹೋಗಿ. ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ ಅಲ್ಲಿ. ಎದುರುಗಾಳಿಯಲ್ಲಿ ಗಾಡಿ ತಳ್ಳುವುದು, ಗಾಳಿಯಲ್ಲಿ ಟೆಂಟು ಹೂಡುವುದು ಎರಡನ್ನೂ ಕಲಿಯಬಹುದು.

ಮೂರನೆಯದೇ ನಿಜವಾದ ಪರೀಕ್ಷೆ: ಅರಬ್ಬಿ ಸಮುದ್ರದಿಂದ ಬಂಗಾಳ ಕೊಲ್ಲಿಗೆ. ಅಂಕೋಲಾದಿಂದ ಹೆದ್ದಾರಿ 52ರಲ್ಲಿ ಅರಬೈಲ್ ಘಟ್ಟ ಹತ್ತಿ, ಯಲ್ಲಾಪುರ, ಕಲಘಟಗಿ ದಾಟಿ ಹುಬ್ಬಳ್ಳಿ. ಅಲ್ಲಿಂದ ಹೆದ್ದಾರಿ 67ರಲ್ಲಿ ಗದಗ, ಕೊಪ್ಪಳ, ಹೊಸಪೇಟೆ, ಬಳ್ಳಾರಿ, ಗುಂತಕಲ್, ನೆಲ್ಲೂರು, ಕೃಷ್ಣಪಟ್ಟಣಂ ಬಂದರು. ಏಳೆಂಟು ನೂರು ಕಿ.ಮೀ., ಡಿಸೆಂಬರ್‌ನಲ್ಲಿ, ಪೂರ್ತಿ 35 ಕೆ.ಜಿ. ಹೇರಿಕೊಂಡು. ಇಪ್ಪತ್ತು-ಇಪ್ಪತ್ತೆರಡು ದಿನ. ನಿಮ್ಮ ಕೊನೆಯ ತುಂಡಿನ ದಾರಿಯೂ ಇದೇ ಆದ್ದರಿಂದ ಎಲ್ಲಿ ನೀರು, ಎಲ್ಲಿ ವಸತಿ ಎಂದು ಗುರುತು ಹಾಕಿಕೊಂಡು ಬನ್ನಿ. ಇದನ್ನು ಮುಗಿಸಿದ ಮೂರನೇ ದಿನ ಮತ್ತೆ 20 ಕಿ.ಮೀ. ಓಡಲು ಮನಸ್ಸಾಗದಿದ್ದರೆ ಜಗತ್ತನ್ನು ಒಂದು ವರ್ಷ ಮುಂದಕ್ಕೆ ಹಾಕಿ.

ರಸ್ತೆಯಲ್ಲಿ ಯಾವಾಗಲೂ ಎದುರು ಬರುವ ವಾಹನ ಕಾಣುವ ಬದಿಯಲ್ಲಿರಿ: ಭಾರತ, ಆಸ್ಟ್ರೇಲಿಯಾದಲ್ಲಿ ಬಲಕ್ಕೆ, ಅಮೆರಿಕ ಮತ್ತು ಯುರೋಪಿನ ಈ ದಾರಿಯಲ್ಲಿ ಎಡಕ್ಕೆ. ಮಳೆನೀರು ಹರಿಯಲೆಂದು ರಸ್ತೆಯ ಅಂಚನ್ನು ಇಳಿಜಾರು ಮಾಡಿರುತ್ತಾರೆ, ಅದಕ್ಕೆ ಕ್ಯಾಂಬರ್ ಎನ್ನುತ್ತಾರೆ. ತಿಂಗಳುಗಟ್ಟಲೆ ಒಂದೇ ಬದಿಯಲ್ಲಿ ಓಡಿದರೆ ಒಂದು ಕಾಲು ಸದಾ ತಗ್ಗಿನಲ್ಲಿದ್ದು ಮೊಣಕಾಲಿನ ಹೊರಬದಿ ನೋಯುತ್ತದೆ. ವಾಹನವಿಲ್ಲದ ಹಳ್ಳಿ ರಸ್ತೆ ಸಿಕ್ಕಾಗ ನಡುಮಧ್ಯೆ ಓಡಿ.

5. ಊಟ, ನೀರು, ಶೂ

ಒಂದು ಕಿಲೋಮೀಟರ್ ಓಟಕ್ಕೆ ಮೈತೂಕದ ಕೆ.ಜಿ.ಗೆ ಹೆಚ್ಚುಕಡಿಮೆ ಒಂದು ಕ್ಯಾಲರಿ. 65 ಕೆ.ಜಿ.ಯವರಿಗೆ 40 ಕಿ.ಮೀ.ಗೆ 2,600, ಸುಮ್ಮನಿದ್ದರೂ ಬೇಕಾಗುವ 1,600, ಗಾಡಿ ತಳ್ಳುವುದಕ್ಕೆ ಇನ್ನಷ್ಟು: ಒಟ್ಟು 4,500. ಎರಡು ಹೊತ್ತಿನ ಊಟದಲ್ಲಿ ಇದು ಬರುವುದಿಲ್ಲ, ಗಂಟೆಗೊಮ್ಮೆ ತಿನ್ನಬೇಕು. ನೂರು ಗ್ರಾಂ ಶೇಂಗಾದಲ್ಲಿ 560ರ ಮೇಲೆ ಇದೆ, ಅದೂ ಎಲ್ಲ ದೇಶಗಳಲ್ಲಿ ಸಿಗುತ್ತದೆ. ಖಡಕ್ ರೊಟ್ಟಿ ದಿಲ್ಲಿವರೆಗೆ ಮಾತ್ರ. ಮೊದಲ ತಿಂಗಳಲ್ಲಿ ಮೂರು ಕೆ.ಜಿ.ಗಿಂತ ಹೆಚ್ಚು ಇಳಿದರೆ ತಿನ್ನುವುದು ಸಾಲುತ್ತಿಲ್ಲ ಎಂದರ್ಥ.

ನೀರಿನ ಲೆಕ್ಕಕ್ಕೆ ಅತಿ ಕಠಿಣ ಜಾಗವನ್ನೇ ಹಿಡಿಯಿರಿ. ನಲಾರ್ಬರ್ ದಾರಿಯಲ್ಲಿ ಕೈಗುನಾದಿಂದ ಬಲಡೋನಿಯಾಕ್ಕೆ ಸುಮಾರು 180 ಕಿ.ಮೀ., ನಡುವೆ ಅಂಗಡಿ ಇಲ್ಲ. ಐದು ದಿನ, ದಿನಕ್ಕೆ 6 ಲೀಟರ್, ಅಡುಗೆ ಸೇರಿ 30 ಲೀಟರ್. ಗಾಡಿಯ ತಳ ಇಷ್ಟನ್ನು ತಾಳಬೇಕು. ಓಆರ್‌ಎಸ್ ಪೊಟ್ಟಣದ ಮೇಲೆ ಒಂದು ಲೀಟರ್ ಎಂದಿದ್ದರೆ ಒಂದು ಲೀಟರಿಗೇ ಕಲಸಿ. ಅರ್ಧ ಲೀಟರ್ ಬಾಟಲಿಗೆ ಪೂರ್ತಿ ಸುರಿದರೆ ಉಪ್ಪು ಹೆಚ್ಚಾಗಿ ಬೇಧಿಯಾಗುತ್ತದೆ. ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿಯುವುದು ಅದಕ್ಕಿಂತ ಅಪಾಯ, ರಕ್ತದ ಸೋಡಿಯಂ ಕುಸಿಯುತ್ತದೆ.

ಶೂ: ಒಂದು ಜೊತೆ 800 ಕಿ.ಮೀ. ಎಂದುಕೊಂಡರೆ 33 ಜೊತೆ. ಅರ್ಧದಿಂದ ಒಂದು ಸೈಜು ದೊಡ್ಡದು, ಪಾದ ಊದುತ್ತದೆ. ಎಲ್ಲವನ್ನೂ ಮೊದಲೇ ಕೊಳ್ಳಬೇಡಿ, ತಳದ ಅಂಟು ಇಟ್ಟಲ್ಲೇ ಹಳತಾಗುತ್ತದೆ.

6. ಲಸಿಕೆ, ವಿಮೆ, ಹಣ

ಟ್ರೆಡ್‌ಮಿಲ್ ಮೇಲಿನ ಹೃದಯ ಪರೀಕ್ಷೆ, ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿನ ಕಬ್ಬಿಣದ ಸಂಗ್ರಹ), ಬಿ12 ಮಾಡಿಸಿ. ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಸಾಮಾನ್ಯ, ಅದನ್ನು ಓಟದ ದಣಿವೆಂದು ತಪ್ಪು ತಿಳಿಯುತ್ತಾರೆ. ನಾಯಿ ಕಡಿತಕ್ಕೆ ಮುಂಗಡ ರೇಬೀಸ್ ಲಸಿಕೆ ಹಾಕಿಸಿಕೊಂಡಿದ್ದರೆ ಕಚ್ಚಿದ ಮೇಲೆ ಎರಡೇ ಚುಚ್ಚುಮದ್ದು ಸಾಕು, ಎಲ್ಲೆಡೆ ಸಿಗದ ಇಮ್ಯುನೊಗ್ಲೋಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಬೇಡ. ದಕ್ಷಿಣ ಅಮೆರಿಕದ ಹಲವು ದೇಶಗಳಿಗಾಗಿ ಹಳದಿ ಜ್ವರದ ಲಸಿಕೆಯನ್ನು ಅಧಿಕೃತ ಕೇಂದ್ರದಲ್ಲಿ ಹಾಕಿಸಿ. ಪ್ರಮಾಣಪತ್ರ ಹತ್ತು ದಿನಗಳ ನಂತರವೇ ಊರ್ಜಿತ. ಆ ದೇಶಗಳಿಂದ ಅದಿಲ್ಲದೆ ನೇರ ಭಾರತಕ್ಕೆ ಇಳಿದರೆ ಆರು ದಿನದವರೆಗೆ ಪ್ರತ್ಯೇಕವಾಗಿಡಬಹುದು.

ಪ್ರಯಾಣ ವಿಮೆಗಳಲ್ಲಿ ಹಲವಕ್ಕೆ ಒಂದು ಪ್ರಯಾಣಕ್ಕೆ ಇಷ್ಟೇ ದಿನ ಎಂಬ ಮಿತಿ ಇರುತ್ತದೆ. "ಹೆದ್ದಾರಿಯಲ್ಲಿ ದಿನಾ 40 ಕಿ.ಮೀ. ಓಡುತ್ತೇನೆ, ಇದು ನಿಮ್ಮಲ್ಲಿ ಸಾಹಸ ಕ್ರೀಡೆಯೇ?" ಎಂದು ಬರೆದು ಕೇಳಿ, ಉತ್ತರ ಬರಹದಲ್ಲೇ ಇಟ್ಟುಕೊಳ್ಳಿ.

ಬ್ಯಾಂಕ್ ಕಾರ್ಡಿನಲ್ಲಿ ವಿದೇಶಿ ಬಳಕೆಯನ್ನು ನೀವೇ ಆ್ಯಪ್‌ನಲ್ಲಿ ಚಾಲೂ ಮಾಡಬೇಕು. ಎರಡು ಬ್ಯಾಂಕಿನ ಕಾರ್ಡು ಬೇರೆ ಬೇರೆ ಜಾಗದಲ್ಲಿಡಿ. ಒಟಿಪಿ ಬರುವ ಸಿಮ್‌ನ ರೋಮಿಂಗ್ ಪರೀಕ್ಷಿಸಿ, ರೀಚಾರ್ಜ್ ಮಾಡುವ ಹೊಣೆಯನ್ನು ಮನೆಯವರಿಗೆ ಒಪ್ಪಿಸಿ. ಸಿಮ್ ಸತ್ತರೆ ಹಣವಿದ್ದೂ ಕೈಗೆ ಬರುವುದಿಲ್ಲ, ಹೊಸ ಸಿಮ್‌ಗೆ ನೀವೇ ಬರಬೇಕು. ಹೊಲ, ಮನೆ, ತೆರಿಗೆಯ ಕೆಲಸಕ್ಕೆ ನಂಬಿಕಸ್ಥರೊಬ್ಬರ ಹೆಸರಿಗೆ ಮುಖತ್ಯಾರ ಪತ್ರವನ್ನು ಉಪನೋಂದಣಿ ಕಚೇರಿಯಲ್ಲಿ ಮಾಡಿಸಿ.

7. ದಾಖಲೆ ಇಡುವುದು, ಹೊರಡುವುದು

ಬ್ರಿಟನ್ನಿನ ಓಟಗಾರ ರಾಬರ್ಟ್ ಗಾರ್ಸೈಡ್ 1997ರಲ್ಲಿ ದಿಲ್ಲಿಯಿಂದ ಹೊರಟು 2003ರಲ್ಲಿ ಓಟ ಮುಗಿಸಿದರು. ಅನುಮಾನಗಳೆದ್ದು, ಸಾಕ್ಷ್ಯಗಳನ್ನು ಪರಿಶೀಲಿಸಿ ಗಿನ್ನೆಸ್ ಒಪ್ಪಿದ್ದು 2007ರಲ್ಲಿ. ನೀವು ಕೈಗಡಿಯಾರದ ಜಿಪಿಎಸ್ ಕಡತವನ್ನು ಪ್ರತಿ ರಾತ್ರಿ ಎರಡು ಕಡೆ ಉಳಿಸಿ. ದಿನಕ್ಕೊಂದು ಪುಟ ಬರೆಯಿರಿ: ಶುರು, ಕೊನೆ, ದೂರ, ಮಾತಾಡಿಸಿದ ಒಬ್ಬರ ಸಹಿ. ಸಂಜೆ ವಾಹನ ಹತ್ತಿ ವಸತಿಗೆ ಹೋದರೆ ಮರುದಿನ ನಿಂತ ಕಲ್ಲಿಗೇ ಬಂದು ಶುರು ಮಾಡಬೇಕು. ನಿಲ್ಲಿಸುವಾಗ ಆ ಕಿಲೋಮೀಟರ್ ಕಲ್ಲಿನ ಫೋಟೊ ತೆಗೆಯಿರಿ, ನೂರು ಮೀಟರ್ ಹಿಂದಿನಿಂದ ಶುರು ಮಾಡಿ.

ಹೊರಡುವ ಬಿಂದುವಿಗೇ ಮರಳಬೇಕಾದ್ದರಿಂದ, ಎರಡು ವರ್ಷದ ಮೇಲೂ ಕಾಲಿಡಲು ಸಿಗುವ ಜಾಗ ಆರಿಸಿ. ಚೆನ್ನಮ್ಮ ವೃತ್ತದ ಆಸೆ ಎಲ್ಲರಿಗೂ ಇರುತ್ತದೆ, ಆದರೆ ಸೇತುವೆ, ರಸ್ತೆ ಕಾಮಗಾರಿ ನಡೆಯುವ ಜಾಗ ಬೇಡ. ಉಣಕಲ್ ಕೆರೆಯ ದಂಡೆ ವಾಸಿ. ಗಡಿಯಾರಕ್ಕೆ ಉಪಗ್ರಹದ ಸಂಕೇತ ಪೂರ್ತಿ ಸಿಗುವವರೆಗೆ ನಿಂತು ನಂತರವೇ ಗುಂಡಿ ಒತ್ತಿ. ಬೀಳ್ಕೊಡಲು ಬಂದವರ ಜೊತೆ ಮೊದಲ ದಿನ ವೇಗವಾಗಿ ಓಡಬೇಡಿ. ಧಾರವಾಡದವರೆಗೆ 20 ಕಿ.ಮೀ. ಸಾಕು. ಅಲ್ಲಿ ಗಾಡಿ ಬಿಚ್ಚಿ ಒಮ್ಮೆಯೂ ಬಳಸದ ಸಾಮಾನನ್ನು ತೆಗೆದು, ಬೀಳ್ಕೊಡಲು ಬಂದವರ ಕೈಯಲ್ಲೇ ಮನೆಗೆ ವಾಪಸ್ ಕಳಿಸಿ.